ಅಪ್ಪನ ಚಪಾತಿಗಳ ಲೆಕ್ಕ

ಮುಂಬಯಿಯ ಚಿತ್ರಕಾರ ಜಿತೀಶ್ ಕಲ್ಲಾಟ್ ತಮ್ಮ ತಂದೆಯ ಆಯುಷ್ಯವನ್ನು ಚಪಾತಿಯಲ್ಲಿ ಎಣಿಸಿದ್ದಾರೆ. ಇದು ಅಲಂಕಾರದ ಮಾತಲ್ಲ. 2010-11ರಲ್ಲಿ ಅವರು ಮಾಡಿದ ‘ಎಪಿಲಾಗ್’ ಎಂಬ ಕೃತಿಯಲ್ಲಿ 753 ಚೌಕಟ್ಟುಗಳಿವೆ. ಆ ಚೌಕಟ್ಟುಗಳ ಒಳಗೆ ಒಟ್ಟು 22,889 ಚಂದ್ರರು. ಒಬ್ಬೊಬ್ಬ ಚಂದ್ರನೂ ಕಪ್ಪು ಆಕಾಶದಲ್ಲಿ ತೇಲುವ ಒಂದು ಚಪಾತಿ. ಹುಣ್ಣಿಮೆಗೆ ಇಡೀ ಚಪಾತಿ. ಹೆಂಚಿನ ಮೇಲೆ ಅಲ್ಲಲ್ಲಿ ಕಂದಿದ ಗುರುತೇ ಚಂದ್ರನ ಕಲೆ. ಮರುದಿನದಿಂದ ಯಾರೋ ದಿನಕ್ಕೊಂದು ತುತ್ತು ಮುರಿದುಕೊಂಡ ಹಾಗೆ ಅದು ಕರಗುತ್ತ ಹೋಗುತ್ತದೆ. ಅಮಾವಾಸ್ಯೆಗೆ ಬಟ್ಟಲು ಖಾಲಿ. ಮತ್ತೆ ಬಿದಿಗೆಯ ಎಳೆ ತುಂಡಿನಿಂದ ಶುರು. ಅವರ ತಂದೆ ಹುಟ್ಟಿದ್ದು 1936ರ ಏಪ್ರಿಲ್ 2ರಂದು, ತೀರಿಕೊಂಡದ್ದು 1998ರ ಡಿಸೆಂಬರ್ 2ರಂದು. ಆ ಎರಡು ತಾರೀಕುಗಳ ನಡುವೆ ಮುಂಬಯಿಯ ಒಬ್ಬ ಸಾಧಾರಣ ಮನುಷ್ಯನ ತಲೆಯ ಮೇಲೆ ಹಾದುಹೋದ ಚಂದ್ರರು ಇವರೆಲ್ಲ. ಎಪಿಲಾಗ್ ಎಂದರೆ ನಾಟಕ ಮುಗಿದ ಮೇಲೆ ಪರದೆಯ ಮುಂದೆ ಬಂದು ಹೇಳುವ ಮಾತು.

ಕಲ್ಲಾಟರ ಹೆಸರು ಕರ್ನಾಟಕದ ಓದುಗರಿಗೆ ಅಷ್ಟು ಪರಿಚಿತವಲ್ಲದಿರಬಹುದು. ಮನೆತನ ಕೇರಳದ್ದು, ಹುಟ್ಟಿದ್ದು 1974ರಲ್ಲಿ ಮುಂಬಯಿಯಲ್ಲೇ. ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತು 1996ರಲ್ಲಿ ಹೊರಬಂದರು. ಮರುವರ್ಷವೇ ಕೆಮೋಲ್ಡ್ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದರು. ಕ್ಯಾನ್ವಾಸಿನಿಂದ ಶುರುಮಾಡಿ ಆಮೇಲೆ ಛಾಯಾಚಿತ್ರ, ಶಿಲ್ಪ, ವಿಡಿಯೋ ಎಂದು ಹರಡಿಕೊಂಡವರು. 2014ರ ಕೊಚ್ಚಿ ಬಿನಾಲೆಯನ್ನು ನಿರ್ದೇಶಿಸಿದವರೂ ಅವರೇ. 2017ರಲ್ಲಿ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅವರ ಇಪ್ಪತ್ತು ಚಿಲ್ಲರೆ ವರ್ಷಗಳ ಕೆಲಸವನ್ನು ಒಟ್ಟಿಗೆ ತೋರಿಸಿತು. ಅನ್ನ, ಹಣ್ಣು, ಉಪ್ಪು, ಒಲೆ ಇವರನ್ನು ಬಿಟ್ಟು ಹೋಗುವುದೇ ಇಲ್ಲ. ಗಾಂಧೀಜಿ ದಂಡಿಯಾತ್ರೆಯ ಹಿಂದಿನ ದಿನ, 1930ರ ಮಾರ್ಚ್ 11ರಂದು, ಸಾಬರಮತಿಯಲ್ಲಿ ಮಾಡಿದ ಭಾಷಣವನ್ನು ಮೂಳೆಯಾಕಾರದ 4,479 ಅಕ್ಷರಗಳಲ್ಲಿ ಜೋಡಿಸಿದ್ದಾರೆ (‘ಪಬ್ಲಿಕ್ ನೋಟಿಸ್ 2’, 2007). ಉಪ್ಪಿನ ಮಾತನ್ನು ಮೂಳೆಯಲ್ಲಿ ಬರೆಯುವವರು ಚಂದ್ರನನ್ನು ಚಪಾತಿ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

‘ಎಪಿಲಾಗ್’ ನಾನು ನೋಡಿದ್ದು 2011ರಲ್ಲಿ, ಫೋರ್ಟಿನ ಕೆಮೋಲ್ಡ್ ಪ್ರೆಸ್ಕಾಟ್ ರೋಡ್ ಗ್ಯಾಲರಿಯಲ್ಲಿ. ಆಗ ನನ್ನ ಬ್ರಾಂಚೂ ಫೋರ್ಟಿನಲ್ಲೇ ಇತ್ತು. ಸಂಜೆ ಕ್ಯಾಶ್ ಮುಚ್ಚಿದ ಮೇಲೆ ಚರ್ಚ್‌ಗೇಟಿಗೆ ಹೋಗಿ ಬೊರಿವಲಿ ಫಾಸ್ಟ್ ಹಿಡಿಯುವ ಮೊದಲು ನೂಕುನುಗ್ಗಲು ತಗ್ಗಲಿ ಎಂದು ಅರ್ಧ ಗಂಟೆ ಎಲ್ಲಾದರೂ ಕಳೆಯುವುದು ನನ್ನ ರೂಢಿ. ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೀಗೇ ಹೋಗಿ ಹೋಗಿ ಚಿತ್ರ ನೋಡುವ ಚಟ ಹತ್ತಿದ್ದು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನಮ್ಮ ಕಡೆಯವರು ಎಂಬ ಅಭಿಮಾನದಿಂದ ಮೊದಲು ಅವರ ಗೆರೆಗಳನ್ನು ನೋಡಿದವ ನಾನು. ಕುಣಿಯುವ, ಚೆಂಡೆ ಬಾರಿಸುವ ಆ ಗೆರೆಗೆ ಒಗ್ಗಿದ ಕಣ್ಣಿಗೆ ಸಾಲುಸಾಲು ಚಪಾತಿಯ ಫೋಟೋ ಕಂಡಾಗ ಮೊದಲಿಗೆ ‘ಇದೇನಪ್ಪಾ’ ಅನ್ನಿಸಿದ್ದು ಸಹಜ.

ಆದರೆ ನಾನು ಎಂ.ಕಾಂ. ಮಾಡಿ ಬ್ಯಾಂಕು ಸೇರಿದವ. ಕಲೆಯ ಶಾಸ್ತ್ರ ಓದಿಲ್ಲ. ಒಂದು ಅಂಕಿ ಕಣ್ಣಿಗೆ ಬಿದ್ದರೆ ಟ್ಯಾಲಿ ಮಾಡದೆ ಬಿಡುವ ಜಾತಿಯಲ್ಲ ನಮ್ಮದು. ಅವತ್ತು ಲೋಕಲ್‌ನಲ್ಲಿ ಅಂಧೇರಿ ದಾಟಿದ ಮೇಲೆ ನಾಲ್ಕನೆಯವನಾಗಿ ಸೀಟಿನ ತುದಿಯಲ್ಲಿ ಕೂತು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆ. 62 ವರ್ಷಕ್ಕೆ 365ರಂತೆ 22,630. ಅಧಿಕ ವರ್ಷದ ದಿನಗಳು 15, ಏಕೆಂದರೆ 1936ರ ಫೆಬ್ರವರಿ ಅವರು ಹುಟ್ಟುವ ಮೊದಲೇ ಮುಗಿದಿತ್ತು. ಏಪ್ರಿಲ್ 2ರಿಂದ ಡಿಸೆಂಬರ್ 2ಕ್ಕೆ 244. ಒಟ್ಟು 22,889. ಬಡ್ಡಿಗೆ ದಿನ ಎಣಿಸುವಾಗ ಬ್ಯಾಂಕಿನಲ್ಲಿ ಮೊದಲ ದಿನ, ಕೊನೆಯ ದಿನ ಎರಡನ್ನೂ ಸೇರಿಸುವುದಿಲ್ಲ, ಒಂದನ್ನು ಬಿಡುತ್ತೇವೆ. ಕಲ್ಲಾಟರ ಲೆಕ್ಕವೂ ಹಾಗೆಯೇ ಬರುತ್ತದೆ. ಚೌಕಟ್ಟುಗಳದ್ದೂ ಸರಿ: 1936ರ ಏಪ್ರಿಲಿನಿಂದ 1998ರ ಡಿಸೆಂಬರಿನ ವರೆಗೆ ತಿಂಗಳಿಗೊಂದರಂತೆ ಎಣಿಸಿದರೆ 753.

ಇದನ್ನು ಹೇಳುವುದಕ್ಕೆ ಕಾರಣವಿದೆ. ಇವತ್ತಿನ ಕಲಾಕೃತಿಗಳಲ್ಲಿ ಅಂಕಿಸಂಖ್ಯೆ ಬಹಳ ಸಲ ಬರೇ ಅಬ್ಬರಕ್ಕೆ ಇರುತ್ತದೆ, ಸಾವಿರ ಮೊಳೆ, ಲಕ್ಷ ಮಣಿ ಎಂಬ ಹಾಗೆ. ಇಲ್ಲಿ ಒಂದು ಚಪಾತಿ ಹೆಚ್ಚಾದರೂ ಕೃತಿ ಕೆಡುತ್ತದೆ. ದುಃಖವನ್ನು ಹೀಗೆ ಪೈಸೆ ಪೈಸೆಗೆ ತಾಳೆ ಹಾಕಿ ಇಟ್ಟವರನ್ನು ನಾನು ಬೇರೆ ಕಂಡಿಲ್ಲ. ಮೇಲುನೋಟಕ್ಕೆ ಒಣ ಲೆಜರ್. ಆದರೆ ಆ ಗೋಡೆಗಳ ನಡುವೆ ಓಣಿಯಲ್ಲಿ ನಡೆದ ಹಾಗೆ ನಡೆಯುತ್ತ, 1947 ಎಲ್ಲಿರಬಹುದು, ಇವರ ಮದುವೆ ಯಾವ ಚೌಕಟ್ಟಿನ ಹತ್ತಿರ, ಮಗ ಹುಟ್ಟಿದ ತಿಂಗಳು ಯಾವುದು ಎಂದು ಹುಡುಕಿದರೆ ಒಂದೂ ಗೊತ್ತಾಗುವುದಿಲ್ಲ. ಎಲ್ಲ ತಿಂಗಳೂ ಒಂದೇ ಥರ. ಹಸಿವೆ ಬರುತ್ತದೆ, ತಿನ್ನುತ್ತಾರೆ, ಮತ್ತೆ ಬರುತ್ತದೆ. ಸಂಬಳದ ಮನುಷ್ಯನ ಜೀವನ ಇರುವುದೇ ಹಾಗೆ ಎಂದು ಮೂವತ್ತೇಳು ವರ್ಷ ಮಸ್ಟರಿಗೆ ಸಹಿ ಹಾಕಿದ ನನಗೆ ಗೊತ್ತು.

ಇನ್ನೊಂದು ಸಂಗತಿಯನ್ನು ಪಂಚಾಂಗ ನೋಡಿ ಕಂಡುಕೊಂಡೆ. 1936ರ ಏಪ್ರಿಲ್ 6ಕ್ಕೆ ಚೈತ್ರದ ಹುಣ್ಣಿಮೆ. ಅಂದರೆ ತಂದೆ ಹುಟ್ಟಿದ ದಿನದ ಚಂದ್ರ ಸುಮಾರು ಮುಕ್ಕಾಲು ಚಪಾತಿ, ಬೆಳೆಯುತ್ತಿದ್ದದ್ದು. 1998ರ ಡಿಸೆಂಬರ್ 3 ದತ್ತ ಜಯಂತಿ, ಮಾರ್ಗಶಿರ ಹುಣ್ಣಿಮೆ. ಅವರು ಹೋದದ್ದು ಅದರ ಹಿಂದಿನ ದಿನ. ಹೀಗಾಗಿ 753ನೆಯ ಚೌಕಟ್ಟಿನಲ್ಲಿ ಸಾಲು ನಿಲ್ಲುವುದು ಮುರಿದು ಮುಗಿದ ತುಂಡಿನ ಮೇಲಲ್ಲ, ಹೆಚ್ಚುಕಡಿಮೆ ಇಡಿಯಾಗಿರುವ ಚಪಾತಿಯ ಮೇಲೆ. ಬಡಿಸಿದ್ದಾಗಿದೆ, ತಿನ್ನುವವರಿಲ್ಲ. ಕಲಾವಿದರು ಬೇಕೆಂದು ಮಾಡಿದ್ದಲ್ಲ ಇದು, ತಿಥಿ ಹಾಗೆ ಬಂತು. ಬೇಕೆಂದು ಮಾಡಿದ್ದಿದ್ದರೆ ಇಷ್ಟು ನಾಟುತ್ತಿರಲಿಲ್ಲವೋ ಏನೋ.

ಈಗ ಊಟದ ವಿಷಯ. ಕೇರಳದ ಮನೆತನ, ನಮ್ಮ ಹಾಗೆ ಅನ್ನ ಉಣ್ಣುವ ಜನ. ಹಾಗಿದ್ದೂ ಚಪಾತಿ ಯಾಕೆ? ಚಂದ್ರನಿಗೆ ದೋಸೆಯೂ ಆಗುತ್ತಿತ್ತು, ಅಪ್ಪವೂ ಆಗುತ್ತಿತ್ತು. ಮಗುವಿಗೆ ಚಂದಮಾಮನನ್ನು ತೋರಿಸಿ ತುತ್ತು ಇಡುವ ನಮ್ಮ ಕಡೆ ಆ ತುತ್ತು ಅನ್ನದ್ದೇ. ನನ್ನ ಉತ್ತರ ಇಷ್ಟು: ಚಪಾತಿ ಈ ಊರಿನ ಊಟ, ಇಲ್ಲಿಗೆ ಬಂದವರ ಊಟ. ಕರಾವಳಿಯಿಂದ ಬಂದ ನಮ್ಮಂಥವರು ಮುಂಬಯಿಯಲ್ಲಿ ಮೊದಲು ಬಿಟ್ಟುಕೊಟ್ಟದ್ದು ರಾತ್ರಿಯ ಅನ್ನವನ್ನು. ಮೆಸ್ಸಿನಲ್ಲಿ ನಾಲ್ಕು ಚಪಾತಿ, ಒಂದು ಬಟ್ಟಲು ಉಸಳ್. ಡಬ್ಬಿಯಲ್ಲಿ ನಾಲ್ಕು ಚಪಾತಿ, ಬಟಾಟೆ ಭಾಜಿ. ಮದುವೆಯಾಗಿ ಬೊರಿವಲಿಯಲ್ಲಿ ಮನೆ ಮಾಡಿದ ಮೇಲೂ ರಾತ್ರಿಗೆ ಚಪಾತಿಯೇ. ನನ್ನ ತಂದೆ ಒಮ್ಮೆ ಇಲ್ಲಿಗೆ ಬಂದು ಇಪ್ಪತ್ತು ದಿನ ಇದ್ದರು. ಕುಚ್ಚಲಕ್ಕಿ ಗಂಜಿ ಉಣ್ಣುವವರು. ಮೊದಲ ರಾತ್ರಿ ಚಪಾತಿ ತಿಂದು ಕೈ ತೊಳೆದು ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ‘ತಿಂಡಿ ಆಯ್ತಲ್ಲ, ಊಟ ಯಾವಾಗ?’ ಅಂದರು. ತಮಾಷೆಗೆ ಅಂದದ್ದಲ್ಲ.

ಕಲ್ಲಾಟರ ತಂದೆ ದಿನವೂ ಚಪಾತಿಯನ್ನೇ ತಿಂದರೆಂದು ಕೃತಿ ಹೇಳುವುದಿಲ್ಲ. ಅಲ್ಲಿ ಚಪಾತಿ ದಿನಕ್ಕೆ ದುಡಿದು ದಿನಕ್ಕೆ ತಿನ್ನುವುದರ ಗುರುತು. ಹಿಂದಿಯವರು ರೋಟಿ ಎಂದಾಗ ಹೊಟ್ಟೆಪಾಡೆಂದೇ ಅರ್ಥ. ಆದರೂ ಗಂಜಿಯ ಬಟ್ಟಲನ್ನು ಬಿಟ್ಟು ಚಪಾತಿಗೆ ಬಂದ ಮನೆಯಲ್ಲಿ ಈ ಚಿತ್ರವನ್ನು ನೋಡುವವರಿಗೆ ಆ ಗುರುತೇ ಒಂದು ಕಥೆ ಹೇಳುತ್ತದೆ. ಮಗ ತಂದೆಯನ್ನು ನೆನೆಯಲು ತಂದೆಯ ಊರಿನ ಊಟ ಆರಿಸಲಿಲ್ಲ, ತಾನು ಹುಟ್ಟಿದ ಊರಿನದನ್ನು ಆರಿಸಿದ. ನಮ್ಮ ಮಕ್ಕಳೂ ಅದನ್ನೇ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಈ ಕೃತಿ ಪರಊರಲ್ಲಿ ಇರುವವರನ್ನು ಹಿಡಿದು ನಿಲ್ಲಿಸುವುದಕ್ಕೆ ಮುಖ್ಯ ಕಾರಣ ಮಾತ್ರ ಬೇರೆ. ನಾನು ಮುಂಬಯಿಗೆ ಬಂದದ್ದು 1983ರಲ್ಲಿ, ತಂದೆ ಊರಲ್ಲಿ ತೀರಿಕೊಂಡದ್ದು 2001ರಲ್ಲಿ. ಹದಿನೆಂಟು ವರ್ಷ, ಅಂದರೆ 6,500ಕ್ಕೂ ಮಿಕ್ಕಿ ರಾತ್ರಿಗಳು. ರಜೆ, ಎಲ್.ಎಫ್.ಸಿ., ತಂಗಿಯ ಮದುವೆ, ಎಲ್ಲ ಸೇರಿಸಿದರೂ ಅದರಲ್ಲಿ ಒಂದು 450 ರಾತ್ರಿ ನಾವಿಬ್ಬರು ಒಂದೇ ಚಾವಡಿಯಲ್ಲಿ ಊಟ ಮಾಡಿರಬಹುದು. ಉಳಿದ ಆರು ಸಾವಿರ ಸಂಜೆ ಅವರು ಏನು ಉಂಡರು, ಉಂಡರೋ ಇಲ್ಲವೋ, ನನಗೆ ಗೊತ್ತಾಗುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ ಬರುವ ಇನ್‌ಲ್ಯಾಂಡ್ ಲೆಟರಿನಲ್ಲಿ. ಅದರಲ್ಲೂ ‘ನಾವೆಲ್ಲ ಕ್ಷೇಮ’ ಎಂಬ ಒಂದು ಸಾಲು. ಪರಊರಿನ ಮಕ್ಕಳೆಲ್ಲರ ಪಾಡೂ ಇದೇ. ಈಗ ದುಬೈಯಲ್ಲಿ, ಕ್ಯಾಲಿಫೋರ್ನಿಯದಲ್ಲಿ ಇರುವವರು ವಿಡಿಯೋ ಕಾಲ್‌ನಲ್ಲಿ ತಾಯಿಯ ಬಟ್ಟಲನ್ನು ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ದಿನದಿನದ ಲೆಕ್ಕ ಇಡುವ ಹಕ್ಕು ಜೊತೆಗಿದ್ದ ಮಗನಿಗೆ ಮಾತ್ರವೇ? ಗ್ಯಾಲರಿಯಲ್ಲಿ ನಿಂತಾಗ ಹಾಗನ್ನಿಸಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಲೆಕ್ಕ ನೋಡಿದರೆ ಸಂಗತಿ ತಿರುಗಿಬಿತ್ತು. ಕಲ್ಲಾಟರು ಹುಟ್ಟಿದ್ದು 1974ರಲ್ಲಿ. ಆ ಹೊತ್ತಿಗೆ ತಂದೆಗೆ 38 ತುಂಬುತ್ತಿತ್ತು. ಅಂದರೆ ಗೋಡೆಯ ಮೇಲಿರುವ ಚಂದ್ರರಲ್ಲಿ ಸುಮಾರು 14 ಸಾವಿರ, ಅರ್ಧಕ್ಕಿಂತ ಹೆಚ್ಚು, ಮಗ ಹುಟ್ಟುವುದಕ್ಕೂ ಮೊದಲಿನವು. ಅವನ್ನೂ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ಗಾತ್ರದಲ್ಲಿ, ಒಂದನ್ನೂ ಬಿಡದೆ ಇಟ್ಟಿದ್ದಾರೆ. ಕಂಡ ದಿನ, ಕಾಣದ ದಿನ ಎಂಬ ಭೇದ ಅಲ್ಲಿಲ್ಲ. ಅಮೆರಿಕದ ಸ್ಯಾನ್ ಹೋಸೆ ಕಲಾ ಮ್ಯೂಸಿಯಮ್ಮಿನಲ್ಲಿ 2013ರಲ್ಲಿ ಇದನ್ನು ಇಟ್ಟಿದ್ದರು ಎಂದು ಓದಿದಾಗ, ಆ ಕಡೆ ಕಂಪ್ಯೂಟರ್ ಕೆಲಸಕ್ಕೆ ಹೋದ ನಮ್ಮ ಹುಡುಗರು ಯಾರಾದರೂ ಹೋಗಿ ನೋಡಿರಬಹುದೇ ಎಂದು ಯೋಚಿಸಿದ್ದುಂಟು.

ಇಷ್ಟೆಲ್ಲ ಮೆಚ್ಚಿದ ಮೇಲೆ ನಮ್ಮ ಮನೆಯವಳ ಆಕ್ಷೇಪವನ್ನೂ ಬರೆಯಬೇಕು. ಪುಸ್ತಕದಲ್ಲಿದ್ದ ಫೋಟೋಗಳನ್ನು ಅವಳಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. ‘ಎಲ್ಲ ಚೆಂದ ಗುಂಡಗೆ ಬಂದಿದೆ ಮಾರಾಯ್ರೆ. ಆದ್ರೆ ದಿನಕ್ಕೆ ಒಂದೇ ಚಪಾತಿ ತಿಂದು ಯಾರು ಬದುಕ್ತಾರೆ? ಮತ್ತೆ, ಇದನ್ನೆಲ್ಲ ಲಟ್ಟಿಸಿದ್ದು ಯಾರು? ಅವರ ಹೆಸರು ಎಲ್ಲೂ ಕಾಣಲ್ವಲ್ಲ.’ ಮೊದಲನೆಯದಕ್ಕೆ ಉತ್ತರ ಕೊಡಬಹುದು, ಕಲೆಯಲ್ಲಿ ಒಂದು ಎಂದರೆ ಒಂದೇ ಆಗಬೇಕಿಲ್ಲ. ಎರಡನೆಯದಕ್ಕೆ ನನ್ನ ಬಳಿ ಉತ್ತರವಿಲ್ಲ, ಕೃತಿಯ ಬಳಿಯೂ ಇಲ್ಲ. ಚಂದ್ರನಾದ ಚಪಾತಿ ತಾನೇ ಹುಟ್ಟಿ ತಾನೇ ಕರಗುತ್ತದೆ. ಹಿಟ್ಟು, ನೀರು, ಹೆಂಚು, ಸುಟ್ಟ ಬೆರಳು ಯಾವುದೂ ಇಲ್ಲ. ತಿಂದವರ ಲೆಕ್ಕ ಇಷ್ಟು ಚೊಕ್ಕವಾಗಿ ಇರುವಾಗ ಬಡಿಸಿದವರ ಖಾತೆಯೇ ತೆರೆದಿಲ್ಲ ಎಂಬುದು ಎದ್ದು ಕಾಣುತ್ತದೆ.

ಕಲ್ಲಾಟರು ಊಟವನ್ನು ಆಕಾಶಕ್ಕೆ ಏರಿಸಿದಾಗಲೆಲ್ಲ ಈ ತೊಂದರೆ ಬರುತ್ತದೆ. 2009ರ ‘ಫೊರೆನ್ಸಿಕ್ ಟ್ರೇಲ್ ಆಫ್ ದಿ ಗ್ರ್ಯಾಂಡ್ ಬ್ಯಾಂಕ್ವೆಟ್’ ಎಂಬ ವಿಡಿಯೋದಲ್ಲಿ ತಿಂಡಿಗಳ ಎಕ್ಸ್‌ರೇ ಚಿತ್ರಗಳು ಗ್ರಹ, ಉಲ್ಕೆಗಳ ಹಾಗೆ ಕತ್ತಲೆಯಿಂದ ನಮ್ಮತ್ತ ತೇಲಿಬರುತ್ತವೆ. ‘ಸೈಟಿಂಗ್ಸ್’ ಎಂಬ ಸರಣಿಯಲ್ಲಿ ಹಣ್ಣಿನ ಸಿಪ್ಪೆಯನ್ನು ತೀರ ಹತ್ತಿರದಿಂದ ತೆಗೆದಿದ್ದಾರೆ. ನಿಂತ ಜಾಗದಿಂದ ಒಂದು ಹೆಜ್ಜೆ ಸರಿದರೆ ಬಣ್ಣ ತಿರುವುಮುರುವಾಗಿ ಸಿಪ್ಪೆ ನಕ್ಷತ್ರಲೋಕವಾಗುತ್ತದೆ. ಜಾಣತನ ಇದೆ, ನೋಡಲು ಸೊಗಸೂ ಇದೆ. ಆದರೆ ಬೊರಿವಲಿ ಸ್ಟೇಷನ್ನಿನ ಹೊರಗೆ ರಾತ್ರಿ ಹತ್ತಕ್ಕೆ ಉಳಿದ ಬಾಳೆಹಣ್ಣನ್ನು ಅರ್ಧ ರೇಟಿಗೆ ಕೂಗುವವನ ಬುಟ್ಟಿ ನೋಡಿ ಬಂದವರಿಗೆ ಹಣ್ಣನ್ನು ಬ್ರಹ್ಮಾಂಡ ಮಾಡುವ ಈ ಆಟ ಸ್ವಲ್ಪ ಹೊಟ್ಟೆ ತುಂಬಿದವರದ್ದು ಅನ್ನಿಸದೆ ಇರದು. ‘ಎಪಿಲಾಗ್’ ಬಚಾವಾದದ್ದು ಅದರಲ್ಲಿ ಎರಡು ತಾರೀಕುಗಳಿರುವುದರಿಂದ. ತಾರೀಕು ಇಲ್ಲದ ಚಪಾತಿ ಬರೇ ಚೆಂದದ ಚಿತ್ರ.

ಹಸಿವನ್ನೇ ಬರೆದ ಒಬ್ಬರು ನಮ್ಮ ಇದೇ ವೆಸ್ಟರ್ನ್ ಲೈನಿನಲ್ಲಿ ಇದ್ದರು. ಚಿತ್ತಪ್ರಸಾದ್ ಭಟ್ಟಾಚಾರ್ಯ, ಬಂಗಾಳದವರು. 1940ರ ದಶಕದ ಕೊನೆಯಿಂದ ಬಹುಕಾಲ ಅಂಧೇರಿಯ ಒಂದು ಕೋಣೆಯಲ್ಲಿ ಬಡತನದಲ್ಲೇ ಇದ್ದು ಕೆಲಸ ಮಾಡಿದರು. ತೀರಿಕೊಂಡದ್ದು 1978ರಲ್ಲಿ. 1943ರ ಬರಗಾಲದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಕಾಲ್ನಡೆಯಲ್ಲಿ ಸುತ್ತಿ, ಸಾಯುತ್ತಿದ್ದವರ ಪಕ್ಕ ಕೂತು ಮಸಿಯಲ್ಲಿ ಬರೆದವರು. ಹಲವರ ಅಂದಾಜಿನಂತೆ ಆ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ. ಅವರ ‘ಹಂಗ್ರಿ ಬೆಂಗಾಲ್’ ಪುಸ್ತಕದ 5,000 ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಉಳಿದ ಒಂದು ಪ್ರತಿಯನ್ನು ಅವರ ಕುಟುಂಬ ಕೋಲ್ಕತ್ತದ ಬ್ಯಾಂಕೊಂದರ ಲಾಕರಿನಲ್ಲಿ ಇಟ್ಟುಕೊಂಡಿತ್ತು. ಅದರ ಪಡಿಯಚ್ಚು 2011ರಲ್ಲಿ ಹೊರಬಂತು, ‘ಎಪಿಲಾಗ್’ ಮುಗಿದ ವರ್ಷವೇ. ಒಡವೆ, ಮನೆಪತ್ರ, ಉಯಿಲು ಒಳಗಿಟ್ಟು ಬೀಗ ಹಾಕುವ ನೂರಾರು ಗಿರಾಕಿಗಳ ಪಕ್ಕ ನನ್ನ ಕೀಲಿಯನ್ನೂ ತಿರುಗಿಸಿದವ ನಾನು. ಅಂಥ ಒಂದು ಪೆಟ್ಟಿಗೆಯಲ್ಲಿ ಇಂಥದೊಂದು ಪುಸ್ತಕ ಇದ್ದಿತೆಂದು ಓದಿದಾಗ ಮೈ ಜುಮ್ಮೆಂದಿತು. ಚಿತ್ತಪ್ರಸಾದರ ಗೆರೆಯಲ್ಲಿ ಚಂದ್ರನಿಲ್ಲ, ಉಪಮೆಯೂ ಇಲ್ಲ. ಪಕ್ಕೆಲುಬು, ಖಾಲಿ ಮಡಕೆ, ನಾಯಿ. ಅವರ ಹಳ್ಳಿಗಳಲ್ಲಿ ಅಮಾವಾಸ್ಯೆ ಕಳೆದ ಮರುದಿನ ಎಳೆ ಚಪಾತಿ ಹುಟ್ಟಲಿಲ್ಲ. ಅದನ್ನು ನೋಡಿ ಬಂದರೆ ಕಲ್ಲಾಟರ ತಂದೆಯ 62 ವರ್ಷ ಎಷ್ಟು ಭಾಗ್ಯದ್ದೆಂದು ತಿಳಿಯುತ್ತದೆ: ತುತ್ತು ಕಡಿಮೆಯಾದರೂ ಹದಿನೈದು ದಿನದಲ್ಲಿ ಮತ್ತೆ ತುಂಬುತ್ತದೆಂಬ ನಂಬಿಕೆಯ ಬದುಕು. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳಿದರೆ ನಾನು ಅಂಧೇರಿಯಲ್ಲೇ ಇಳಿಯುತ್ತೇನೆ. ಆದರೆ ಯಾರ ಚಿತ್ರ ನನ್ನ ಮನೆಯದು ಎಂದರೆ ಕಲ್ಲಾಟರದ್ದು.

ಅವರು ಆಕಾಶದಿಂದ ಅಡುಗೆಮನೆಗೆ ಇಳಿದದ್ದೂ ಉಂಟು. 2009ರಲ್ಲೇ ಮಾಡಿದ ‘ಆನೆಕ್ಸೇಶನ್’ ಎಂಬ ಶಿಲ್ಪ ಆಳೆತ್ತರದ ಒಂದು ಸೀಮೆಎಣ್ಣೆ ಸ್ಟೋವ್, ಕರ್ರಗೆ. ಹಳಬರಿಗೆ ಹೇಳಬೇಕಿಲ್ಲ: ರೇಷನ್ ಕಾರ್ಡ್ ಹಿಡಿದು ಕ್ಯೂ ನಿಂತು ತಂದ ಸೀಮೆಎಣ್ಣೆಯಲ್ಲಿ ಖೋಲಿಯ ಮೂಲೆಯ ಸ್ಟೋವ್ ಹಚ್ಚಿ ನಾಲ್ಕು ಜನ ಬ್ರಹ್ಮಚಾರಿಗಳು ಅನ್ನ ಬೇಯಿಸಿಕೊಂಡ ಕಾಲವೊಂದಿತ್ತು. ಬಟ್ಟೆಗೆ, ಅನ್ನಕ್ಕೆ, ಕಡೆಗೆ ಊರಿಗೆ ಬರೆದ ಕಾಗದಕ್ಕೂ ಅದೇ ವಾಸನೆ. ಕಲ್ಲಾಟರ ಸ್ಟೋವಿನ ಮೈತುಂಬ ನೂರಕ್ಕೂ ಹೆಚ್ಚು ಪ್ರಾಣಿಗಳಿವೆ. ಒಂದರ ಬಾಯಿಯ ತುತ್ತಿಗೆ ಇನ್ನೊಂದು ಬಾಯಿ ಹಾಕಿದೆ, ಒಂದನ್ನೊಂದು ಕಚ್ಚಿ ಎಳೆಯುತ್ತಿವೆ. ಇವನ್ನು ಅವರು ಕಲ್ಪಿಸಿಕೊಂಡದ್ದಲ್ಲ, ವಿಕ್ಟೋರಿಯಾ ಟರ್ಮಿನಸ್ಸಿನ ಗೋಡೆಯ ಕೆತ್ತನೆಗಳಿಂದ ತೆಗೆದುಕೊಂಡದ್ದು. ಆ ಕಟ್ಟಡಕ್ಕೆ ಹೂಬಳ್ಳಿ, ಪ್ರಾಣಿ, ಪಕ್ಷಿಗಳನ್ನು ಕೆತ್ತುವ ಕೆಲಸದಲ್ಲಿ ಹತ್ತೊಂಬತ್ತನೆಯ ಶತಮಾನದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳಿದ್ದರು. ನೂರು ವರ್ಷ ಕಳೆದು ಅದೇ ಶಾಲೆಯ ಹುಡುಗ ಅವನ್ನು ಇಳಿಸಿ ತಂದು ಬಡವರ ಒಲೆಯ ಮೇಲೆ ಕೂರಿಸಿದ. ಇಲ್ಲಿ ಲಟ್ಟಿಸಿದ ಕೈ ಕಾಣದಿದ್ದರೂ ಬೆಂಕಿ ಕಾಣುತ್ತದೆ, ಒಂದು ತುತ್ತಿಗಾಗಿ ಇಷ್ಟು ಜನ ಯಾಕೆ ರೈಲು ಹತ್ತಿ ಈ ಊರಿಗೆ ಬಂದರು ಎಂಬುದೂ ಕಾಣುತ್ತದೆ. ನನ್ನ ಎಣಿಕೆಯಲ್ಲಿ ‘ಎಪಿಲಾಗ್’ ಪಕ್ಕದಲ್ಲಿ ನಿಲ್ಲುವ ಅವರ ಕೆಲಸ ಇದೊಂದೇ.

ಶಿಲ್ಪ ಎಲ್ಲರಿಗೂ ನೋಡಲು ಸಿಗಲಿಕ್ಕಿಲ್ಲ. ಮೂಲ ಕೆತ್ತನೆಗಳು ಮಾತ್ರ ಅಲ್ಲೇ ಇವೆ. ಸ್ಟೇಷನ್ನಿನ ಹೆಸರು ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಊರಿಂದ ರೈಲಿನಲ್ಲಿ ಬಂದು ಅಲ್ಲಿ ಇಳಿಯುವವರು ಟ್ಯಾಕ್ಸಿಯವನ ಜೊತೆ ಚೌಕಾಶಿ ಮಾಡುವ ಮುಂಚೆ ರಸ್ತೆಯ ಕಡೆಯ ಮಂಟಪದ ಕಂಬಗಳ ತಲೆಯತ್ತ ಒಮ್ಮೆ ಕಣ್ಣು ಹಾಯಿಸಬಹುದು.